ಅಣ್ಣನದ್ದು 22 ಟೇಬಲ್, ಅಕ್ಕನದ್ದು 6

ಸಣ್ಣ ಬಿಸಿನೆಸ್ ಹೆಂಗಸರು ನಡೆಸಿದ್ರೆ ಬೇರೆ ಥರ ಇರ್ತದಾ, ಲಾಭ ಯಾರ ಕೈಲಿ ಜಾಸ್ತಿ ಅಂತ ಕೇಳಿದ್ದೀರಿ. ನಾನು ಮುಂಬೈಲಿ ಸಣ್ಣ ಹೋಟೆಲ್‌ಗಳ ಲೆಕ್ಕ ಬರೆಯೋನು. ಅಂಧೇರಿಲಿ ಊರ ಕಡೆಯ ಅಣ್ಣ ಒಬ್ರದ್ದು, ಡೊಂಬಿವಲಿಯಲ್ಲಿ ಅಕ್ಕ ಒಬ್ರದ್ದು, ಗಂಡ ತೀರಿಹೋದ್ಮೇಲೆ ಅವರೇ ಗಲ್ಲಾದಲ್ಲಿ ಕೂತದ್ದು. ಎರಡೂ ಪುಸ್ತಕ ನನ್ನ ಕೈಲೇ ಇದೆ, ಹಾಗಾಗಿ ಹೇಳ್ತೇನೆ.

ನಡೆಸೋ ರೀತಿ ಬೇರೆ, ಹೌದು. ಅಣ್ಣ ಹೇಳಿದ್ದೇ ಫೈನಲ್. ಮಳೆಗೆ ಲೋಕಲ್ ರೈಲು ನಿಂತ್ರೆ ಹತ್ತೇ ನಿಮಿಷದಲ್ಲಿ ಮೆನು ಬಂದ್, ಉಪ್ಪಿಟ್ಟು ಚಾ ಮಾತ್ರ ಅಂತ ಭಟ್ರಿಗೆ ಕೂಗಿ ಹೇಳ್ತಾರೆ, ಅವತ್ತಿಗೆ ಆ ಕೂಗೇ ಬೇಕು. ಅಕ್ಕ ಎಲ್ಲರನ್ನೂ ಕೇಳ್ತಾರೆ. ಒಮ್ಮೆ ತೆಂಗಿನಕಾಯಿ ಬಿಲ್ ನೋಡಿ ತಲೆ ಕೆಟ್ಟು, ಭಟ್ರನ್ನ ಬಿಟ್ಟು ಪ್ಲೇಟ್ ತೊಳೆಯೋ ಹುಡುಗನ್ನ ಕರೆದು "ಏನು ಉಳಿದು ಬರ್ತದೆ ಮಗಾ" ಅಂದ್ರು. "ಚಟ್ನಿ ಅಕ್ಕಾ, ಅರ್ಧಕ್ಕರ್ಧ ಹಾಗೇ ಬರ್ತದೆ" ಅಂದ. ಮರುದಿನದಿಂದ ಚಟ್ನಿ ಬಟ್ಟಲು ಸಣ್ಣದು, ಕೇಳಿದವರಿಗೆ ಎಷ್ಟು ಬೇಕಾದ್ರೂ. ಆ ತಿಂಗಳು ಕಾಯಿ ಬಿಲ್ ಇಳಿದದ್ದನ್ನ ನಾನೇ ಬರೆದೆ. ಆದ್ರೆ ಇದೇ ಅಕ್ಕ ಇಡ್ಲಿ ರೇಟ್ ಐದು ರೂಪಾಯಿ ಏರಿಸೋಕೆ ಅವರಿವರನ್ನ ಕೇಳ್ತಾ ಮೂರು ತಿಂಗಳು ಕಳೆದ್ರು, ಅದು ಪೂರಾ ಲಾಸ್.

ಆಲಿಸ್ ಈಗ್ಲಿ, ಬ್ಲೇರ್ ಜಾನ್ಸನ್ ಅನ್ನೋ ಸಂಶೋಧಕರು 1990ರಲ್ಲಿ ಗಂಡಸರು ಹೆಂಗಸರು ಜನರನ್ನ ನಡೆಸೋ ರೀತಿ ಬಗ್ಗೆ 150ಕ್ಕೂ ಹೆಚ್ಚು ಅಧ್ಯಯನ ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದೂ ಹೀಗೇ, ಹೆಂಗಸರು ನಾಲ್ಕು ಜನರನ್ನ ಕೇಳಿ ನಡೆಸೋದು ಸ್ವಲ್ಪ ಜಾಸ್ತಿ, ಆದ್ರೆ ವ್ಯತ್ಯಾಸ ಸಣ್ಣದು. ನನ್ನ ಕೇಳಿದ್ರೆ ಅದು ಬರೀ ಸ್ವಭಾವ ಅಲ್ಲ. ಅಣ್ಣ ಬೈದ್ರೆ "ಶೇಠ್ ಖಡಕ್", ಅಕ್ಕ ಬೈದ್ರೆ "ಎಂಥ ಬಾಯಿ ಮಾರಾಯ". ಎರಡನ್ನೂ ಒಬ್ಬನೇ ವೇಟರ್ ಬಾಯಲ್ಲಿ ಕೇಳಿದ್ದೇನೆ, ಎರಡೂ ಕಡೆ ಕೆಲಸ ಮಾಡಿದವ.

ಇನ್ನು ಲಾಭ. ಸೇಲ್ ಅಣ್ಣನದ್ದೇ ಜಾಸ್ತಿ, ಇರಲೇಬೇಕಲ್ಲ, ಅಲ್ಲಿ 22 ಟೇಬಲ್, ಇಲ್ಲಿ 6. ಹಾಕಿದ ದುಡ್ಡಿಗೆ ಉಳಿದದ್ದು ಎಷ್ಟು ಅಂತ ನೋಡಿದ್ರೆ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ. ರಾಬ್, ವಾಟ್ಸನ್ ಅನ್ನೋ ಇಬ್ರು ಸಂಶೋಧಕರು 2012ರಲ್ಲಿ ಅಮೆರಿಕದ ಹೊಸ ಬಿಸಿನೆಸ್‌ಗಳ ಬಗ್ಗೆ ಬರೆದದ್ದೂ ಅದೇ, ಗಾತ್ರ, ರಿಸ್ಕ್ ಎಲ್ಲ ಲೆಕ್ಕಕ್ಕೆ ತಗೊಂಡ್ರೆ ಗಂಡು ಹೆಣ್ಣು ಅನ್ನೋ ಫರಕು ಉಳಿಯೋದಿಲ್ಲ.

ಟೇಬಲ್ 6ಕ್ಕೇ ನಿಂತದ್ದು ಯಾಕೆ ಅಂತ ಕೇಳಿ. 1959ರಲ್ಲಿ ಗಿರ್ಗಾಂವ್‌ನಲ್ಲಿ 7 ಹೆಂಗಸರು 80 ರೂಪಾಯಿ ಸಾಲದಲ್ಲಿ ಲಿಜ್ಜತ್ ಪಾಪಡ್ ಶುರು ಮಾಡಿದ್ರು ಅಂತ ಎಲ್ಲರೂ ಭಾಷಣ ಬಿಗೀತಾರೆ, ಅವತ್ತು ಆ 80 ರೂಪಾಯಿ ಕೊಡೋ ಪುಣ್ಯಾತ್ಮ ಸಿಕ್ಕಿದ್ದ ಅನ್ನೋದು ಯಾರ ಬಾಯಲ್ಲೂ ಬರೋದಿಲ್ಲ. ಅಕ್ಕ ಗ್ರೈಂಡರ್, ದೊಡ್ಡ ಫ್ರಿಜ್ ಅಂತ ಸಾಲಕ್ಕೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಬ್ಯಾಂಕಿನವ ಪೂರ್ತಿ ನನ್ನ ಮುಖ ನೋಡ್ಕೊಂಡೇ ಮಾತಾಡಿದ. "ನಾನು ಲೆಕ್ಕ ಬರೆಯೋನು ಸಾರ್, ಓನರ್ ಇವರು" ಅಂದೆ, ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ "ಮಗ ಏನ್ಮಾಡ್ತಾನೆ". ಕಡೆಗೆ ಕೇಳಿದ್ದರಲ್ಲಿ ಅರ್ಧ ಕೊಟ್ರು. ಗ್ರೈಂಡರ್ ಬಂತು, ಫ್ರಿಜ್ ಬರ್ಲಿಲ್ಲ, ಮೇ ತಿಂಗಳ ಸೆಕೆಗೆ ಹಿಟ್ಟು ಹುಳಿ ಬಂದು ಚೆಲ್ಲಿದ್ದೇ ಚೆಲ್ಲಿದ್ದು. ಆ ವರ್ಷ ಅಕ್ಕನ ಲಾಭ ಕಮ್ಮಿ ಬಂದದ್ದು ಅದರಿಂದ.