ಕಲೆ ಮತ್ತು ವಿಜ್ಞಾನದ ನಂಟು ಕಾಲದಿಂದ ಕಾಲಕ್ಕೆ ಹೇಗೆ ಬದಲಾಗಿದೆ?

ಮೊದಲು ಇವೆರಡರ ನಡುವೆ ಈಗಿನಷ್ಟು ದೊಡ್ಡ ಗೋಡೆ ಇರಲಿಲ್ಲ. ಲಿಯೊನಾರ್ಡೊ ಡ ವಿಂಚಿ ಹೆಣಗಳನ್ನು ಕೊಯ್ದು ನೋಡಿ ಸ್ನಾಯು, ಮೂಳೆಗಳ ಚಿತ್ರ ಬರೆದ. ಅದು ಕಲೆಯೋ ವಿಜ್ಞಾನವೋ ಅಂತ ಬೇರೆ ಮಾಡುವುದೇ ಕಷ್ಟ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಚಂದ್ರನದ್ದು. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಬೆಳಕು, ಕತ್ತಲೆ ಸೇರುವ ಗೆರೆ ಅಂಕುಡೊಂಕಾಗಿ ಬಂತು, ಅಷ್ಟೇ. ಕೆಲವೇ ತಿಂಗಳ ನಂತರ ಗೆಲಿಲಿಯೊ ನೋಡಿದ್ದೂ ಅದೇ ಚಂದ್ರನನ್ನು. ಆದರೆ ಅವನಿಗೆ ಚಿತ್ರಕಲೆಯ ಅಭ್ಯಾಸ ಇತ್ತು. ನೆರಳು ನೋಡಿ ಉಬ್ಬು ಯಾವುದು, ತಗ್ಗು ಯಾವುದು ಅಂತ ಹೇಳುವಷ್ಟು ಕಣ್ಣು ಪಳಗಿತ್ತು. ಕತ್ತಲೆಯ ಭಾಗದಲ್ಲಿ ಹೊಳೆಯುತ್ತಿದ್ದ ಚುಕ್ಕೆಗಳು ಬಿಸಿಲು ತಾಗಿದ ಬೆಟ್ಟದ ತುದಿಗಳು ಎಂದು ಗುರುತಿಸಿದ. ಕಂದು ಶಾಯಿಗೆ ನೀರು ಬೆರೆಸಿ ಅವನು ಬಳಿದ ಆ ಚಿತ್ರಗಳು ಇವತ್ತಿಗೂ ಉಳಿದಿವೆ.

19ನೇ ಶತಮಾನದಲ್ಲಿ ಓದು ಬೇರೆ ಬೇರೆ ವಿಭಾಗಗಳಾಗಿ ಒಡೆಯಿತು. 1839ರಲ್ಲಿ ಫೋಟೋಗ್ರಫಿ ಬಂದ ಮೇಲಂತೂ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕೆಲಸ ನಿಧಾನಕ್ಕೆ ಕ್ಯಾಮೆರಾ ಪಾಲಾಯಿತು. ಆದರೂ ನಂಟು ಕಡಿಯಲಿಲ್ಲ. ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಹಾಲ್ ಸೂಕ್ಷ್ಮದರ್ಶಕದಲ್ಲಿ ಕಂಡ ನರಕೋಶಗಳನ್ನು ಕೈಯಲ್ಲೇ ಬರೆದು, ಅವು ಬಿಡಿ ಬಿಡಿಯಾಗಿವೆ ಅಂತ ತೋರಿಸಿದ. 1906ರ ನೊಬೆಲ್‌ನಲ್ಲಿ ಅವನಿಗೂ ಪಾಲು ಸಿಕ್ಕಿತು.

ಈಗ ಕೊಡುಕೊಳ್ಳುವಿಕೆ ಜಾಸ್ತಿ ಉಪಕರಣಗಳ ಮೂಲಕ. ಎಕ್ಸ್-ರೇ ಹಾಯಿಸಿ, ಹಳೆಯ ಚಿತ್ರದ ಬಣ್ಣದಡಿ ಕಲಾವಿದ ತಿದ್ದಿದ್ದನ್ನು ನೋಡಬಹುದು. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಅದರಲ್ಲಿ ಯಾವ ಅಲೆಗೆ ಯಾವ ಬಣ್ಣ ಕೊಡಬೇಕು ಅಂತ ಕೂತು ಆರಿಸುವವರು ಮನುಷ್ಯರೇ ಅಲ್ವಾ?