ಗಿಡ್ಡ ಸ್ಪ್ಯಾನರ್, ಬಗ್ಗುವ ಕತ್ತು

ಓದುಗರ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ಎಂಟು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದು ಈಗ ಸ್ವಂತ ಶೆಡ್ ಹಾಕಿದ್ದೇನೆ. ಬರುವ ಗಾಡಿಗಳಲ್ಲಿ ಮಾರುತಿ ಜಾಸ್ತಿ, ನಡುನಡುವೆ ಟಾಟಾ, ಮಹೀಂದ್ರ. ಕೈ ಹೋಗದ ಜಾಗದ ಬೋಲ್ಟುಗಳಿಗೆ ಗಿಡ್ಡ ಹಿಡಿಯ, ತಲೆ ಬಗ್ಗುವ ರಾಚೆಟ್ (ಒಂದು ಕಡೆ ಮಾತ್ರ ಹಿಡಿದು, ವಾಪಸ್ ಖಾಲಿ ತಿರುಗುವ) ಸ್ಪ್ಯಾನರ್ ತಗೋಬೇಕು ಅಂತಿದ್ದೇನೆ. ಅಂಗಡಿಯವರು 8ರಿಂದ 19 ಮಿ.ಮೀ.ವರೆಗೆ 12 ಸ್ಪ್ಯಾನರ್ ಇರುವ ಸೆಟ್ ತೋರಿಸಿದ್ದಾರೆ. ತಗೊಳ್ಳಲಾ?
- ತರೀಕೆರೆಯ ಓದುಗ

ಉತ್ತರ: ತಮ್ಮಾ, ಸ್ವಂತ ಶೆಡ್ ಹಾಕಿದ್ದು ಓದಿ ಖುಷಿಯಾಯಿತು. ಆದರೆ ಆ ಸೆಟ್ ತಗೋಬೇಡ. 10, 12, 13 ಮೂರು ತಗೋ. ದುಡ್ಡು ಉಳಿದರೆ 14. ಅಲ್ಲಿಗೆ ನಿಲ್ಲಿಸು.

ನಾನು ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಹೊಳಪಿಗೆ ಮರುಳಾಗಿ, ಪೂರ್ತಿ ಸೆಟ್ ಹೊತ್ತು ತಂದವನು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಬಂದರೆ ನನ್ನ ಟೂಲ್ ಬಾಕ್ಸ್ ತೆಗೆದು ನೋಡು. 11, 15, 16, 18 ಇವತ್ತಿಗೂ ಮದುಮಗನ ಹಾಗೆ ಮಿಂಚುತ್ತಿವೆ. 10ರದ್ದು ಮಾತ್ರ ಈಗ ಮೂರನೆಯದು. ಮೊದಲಿನ ಎರಡು ಯಾರ ಗಾಡಿಯ ಬಾನೆಟ್ಟಿನೊಳಗೆ ಕೂತು ಯಾವ ಊರು ಸೇರಿದವೋ ದೇವರಿಗೇ ಗೊತ್ತು.

ಈ ಸ್ಪ್ಯಾನರ್ ಯಾತಕ್ಕೆ ಅನ್ನುವುದು ಮೊದಲು ತಲೆಗೆ ಹೋಗಬೇಕು. ಇದು ಬಿಗಿ ಬಿಡಿಸುವ ಸ್ಪ್ಯಾನರ್ ಅಲ್ಲ. ಬಿಗಿ ಬಿಟ್ಟ ಮೇಲೆ ಸುತ್ತಿ ಸುತ್ತಿ ಹೊರಗೆ ತರುವ ಸ್ಪ್ಯಾನರ್. ಮಾಮೂಲಿ ರಿಂಗ್ ಸ್ಪ್ಯಾನರನ್ನು ಎಳೆದು, ತೆಗೆದು, ಮತ್ತೆ ಕೂರಿಸಲು 30 ಡಿಗ್ರಿ ತಿರುಗಿಸುವಷ್ಟು ಜಾಗ ಬೇಕು. ಹತ್ತು ಸೆಂ.ಮೀ. ಹಿಡಿಯ ತುದಿಯಲ್ಲಿ ಅದು ಐದು ಸೆಂ.ಮೀ. ಆಯಿತು. ಒಳಗಿನ ಚಕ್ರಕ್ಕೆ 72 ಹಲ್ಲಿರುವ ರಾಚೆಟ್ಟಿಗೆ 5 ಡಿಗ್ರಿ ಸಾಕು, ಒಂದು ಸೆಂ.ಮೀ.ಗೂ ಕಡಿಮೆ. ಮ್ಯಾನಿಫೋಲ್ಡಿನ ಕೆಳಗಿನ ಸಾಲಿನ ನಟ್ಟುಗಳು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆಲ್ಟ್ ಬಿಗಿ ಮಾಡುವ ಬೋಲ್ಟು, ಸೈಲೆನ್ಸರಿನ ಮೇಲಿನ ತಗಡು, ಇಂಥ ಕಡೆ ಇದು ಬಂಗಾರ. ಓಮ್ನಿಯಲ್ಲಿ ಸೀಟು ಎತ್ತಿ, ತಲೆ ಒಳಗೆ ಹಾಕಿ, ಒಂದೊಂದು ನಟ್ಟನ್ನು ಬೆರಳ ತುದಿಯಲ್ಲಿ ಬಿಚ್ಚಿದವರಿಗೆ ಇದರ ಬೆಲೆ ಗೊತ್ತು.

ಈಗ ಬಲದ ಲೆಕ್ಕ ನೋಡು. ಹಿಡಿ ಹತ್ತು ಸೆಂ.ಮೀ. ಇದ್ದರೆ, ಇಕ್ಕಟ್ಟಿನಲ್ಲಿ ನೀನು 20 ಕೆ.ಜಿ.ಯಷ್ಟು ಎಳೆದರೂ ಬೋಲ್ಟಿಗೆ ಹೋಗುವುದು ಸುಮಾರು 20 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). 10ರ ತಲೆಯ ಬೋಲ್ಟು 6 ಮಿ.ಮೀ. ದಪ್ಪದ್ದು. ಅದಕ್ಕೆ ಬೇಕಾಗಿರುವುದೇ ಹತ್ತರ ಆಸುಪಾಸು. ಹಾಗಾಗಿ ಅಲ್ಯುಮಿನಿಯಂ ಕವರಿಗೆ ಕೂರುವ ಬೋಲ್ಟಿಗೆ ಗಿಡ್ಡ ಹಿಡಿಯೇ ವಾಸಿ, ಉದ್ದ ಹಿಡಿಯಲ್ಲಿ ಥ್ರೆಡ್ ಕೀಳುವುದು ಗೊತ್ತೇ ಆಗುವುದಿಲ್ಲ. 12 ಅಥವಾ 13ರ ತಲೆಯದ್ದು 8 ಮಿ.ಮೀ. ಬೋಲ್ಟು. ಅದು 25ರ ಹತ್ತಿರ ಕೇಳುತ್ತದೆ. ಇಲ್ಲಿ ಗಿಡ್ಡ ಸ್ಪ್ಯಾನರ್ ಸುತ್ತುವುದಕ್ಕೆ ಸರಿ, ಕೊನೆಯ ಬಿಗಿಗೆ ಸಾಲದು. 14, 17ರ ತಲೆ ಅಂದರೆ 10 ಮಿ.ಮೀ. ಬೋಲ್ಟು, ಅದಕ್ಕೆ 50ರ ಹತ್ತಿರ ಬೇಕು. 17, 19ರ ಗಿಡ್ಡ ಸ್ಪ್ಯಾನರ್ ಸುಮ್ನೆ ಸೆಟ್ಟಿನ ಲೆಕ್ಕ ತುಂಬಿಸಲು ಇರುವುದು ಅನ್ನುವುದು ನನ್ನ ಅಭಿಪ್ರಾಯ. ಗೇರ್‌ಬಾಕ್ಸ್ ಇಳಿಸುವಾಗ ಫೈರ್‌ವಾಲ್ (ಇಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಕಡೆಯ ಮೇಲಿನ ಬೋಲ್ಟುಗಳಿಗೆ ಇದನ್ನು ತಗೊಂಡು ಹೋದರೆ ಬೆರಳ ಗೆಣ್ಣು ಕಿತ್ತುಕೊಂಡು ವಾಪಸ್ ಬರುತ್ತೀಯ. ಅಲ್ಲಿ ಉದ್ದ ಎಕ್ಸ್‌ಟೆನ್ಷನ್ ಮತ್ತು ಸಾಕೆಟ್ಟೇ ದಾರಿ.

ನಿನ್ನ ಗಾಡಿಗಳಿಗೆ ಈ ಅಳತೆಗಳೇ ಯಾಕೆ? ಅದೇ 8 ಮಿ.ಮೀ. ಬೋಲ್ಟಿಗೆ ಜಪಾನಿನವರು 12ರ ತಲೆ ಇಡುತ್ತಾರೆ, ಜರ್ಮನ್ ಪದ್ಧತಿಯವರು 13 ಇಡುತ್ತಾರೆ. ಮಾರುತಿ, ಟೊಯೋಟಾ, ಹೋಂಡಾದಲ್ಲಿ ಹೆಚ್ಚಾಗಿ 10, 12, 14. ಟಾಟಾ, ಮಹೀಂದ್ರದಲ್ಲಿ 10, 13 ಕೈಗೆ ಸಿಗುತ್ತವೆ. 10 ಎಲ್ಲರ ಮನೆಯ ನೆಂಟ, ಅದನ್ನು ಎರಡು ತಗೋ.

ಅಂಗಡಿಯಲ್ಲಿ ನೋಡಬೇಕಾದ್ದು ಕತ್ತು. ಸ್ಪ್ಯಾನರನ್ನು ಅಡ್ಡ ಹಿಡಿದು ತಲೆಯನ್ನು ಅರ್ಧ ಬಗ್ಗಿಸಿ ಬಿಡು. ಬಿಟ್ಟಲ್ಲೇ ನಿಲ್ಲಬೇಕು. ನಿದ್ದೆ ಬಂದ ಮಗುವಿನ ಹಾಗೆ ಜೋತು ಬಿದ್ದರೆ ವಾಪಸ್ ಕೊಡು. ಕಣ್ಣಿಗೆ ಕಾಣದ ಜಾಗಕ್ಕೆ ಕೈ ತೂರಿಸಿದಾಗ ತಲೆ ಬಿದ್ದುಹೋದರೆ ನಟ್ಟು ಹುಡುಕುವುದರಲ್ಲೇ ಅರ್ಧ ದಿನ. ಕತ್ತಿನ ಕೀಲಿನಲ್ಲಿ ಸ್ಕ್ರೂ ಇದ್ದರೆ ಸಡಿಲ ಆದಾಗ ಬಿಗಿ ಮಾಡಿಕೊಳ್ಳಬಹುದು. ಪಿನ್ ಹೊಡೆದು ಮುಚ್ಚಿದ್ದಾದರೆ ಸಡಿಲ ಆಯಿತು ಅಂದರೆ ಆಯಿತು. ಬಟನ್ ಒತ್ತಿ ಕತ್ತು ಲಾಕ್ ಮಾಡುವಂಥವೂ ಇವೆ. ಚೆನ್ನಾಗಿರುತ್ತವೆ, ಆದರೆ ಆ ಬಟನ್ನಿಂದ ಕತ್ತು ಇನ್ನೂ ದಪ್ಪ ಆಗುತ್ತದೆ. ಇಕ್ಕಟ್ಟಿಗೆ ಅಂತ ತಂದದ್ದು ಇಕ್ಕಟ್ಟಿಗೇ ಹೋಗದಿದ್ದರೆ ಏನು ಬಂತು? ರಾಚೆಟ್ ತಲೆ ಮೊದಲೇ ಮಾಮೂಲಿ ರಿಂಗಿಗಿಂತ ದಪ್ಪ. ನಿನ್ನ ಹಳೆಯ ರಿಂಗ್ ಸ್ಪ್ಯಾನರ್ ಜೇಬಿನಲ್ಲಿ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಇಟ್ಟು ನೋಡು.

ಎರಡನೆಯದು, ತಿರುವು ಬದಲಿಸುವ ಚಿಕ್ಕ ಲಿವರ್. ಇದು ಇಲ್ಲದ್ದನ್ನು ತಗೋಲೇಬೇಡ. ಯಾಕೆಂದರೆ ನನಗೆ ಒಂದು ಭಾನುವಾರ ಪೂರ್ತಿ ಹಾಳಾಗಿದೆ. ಹಳೆಯ ಡೀಸೆಲ್ ಕಾರೊಂದರ ಆಲ್ಟರ್ನೇಟರ್ ಬಿಚ್ಚುತ್ತಿದ್ದೆ. ಲಿವರ್ ಇಲ್ಲದ ರಾಚೆಟ್ ಹಾಕಿ ಕಿರ್ ಕಿರ್ ಅಂತ ಉದ್ದನೆಯ ಬೋಲ್ಟನ್ನು ಹೊರಗೆ ತರುತ್ತಿದ್ದೆ. ಬೋಲ್ಟು ಬಂತು, ಬಂತು, ಬಂದು ಚಾಸಿಸಿಗೆ ತಾಗಿ ನಿಂತಿತು. ನಡುವೆ ಸ್ಪ್ಯಾನರ್ ಸಿಕ್ಕಿಕೊಂಡಿತು. ಹೊರಗೆ ತೆಗೆಯಲು ಜಾಗ ಇಲ್ಲ. ಬೋಲ್ಟನ್ನು ವಾಪಸ್ ಒಳಗೆ ಸುತ್ತೋಣ ಅಂದರೆ ರಾಚೆಟ್ ಆ ಕಡೆ ಖಾಲಿ ತಿರುಗುತ್ತದೆ. ಲಿವರ್ ಇಲ್ಲದ್ದನ್ನು ತೆಗೆದು ಮಗುಚಿ ಹಾಕಬೇಕು, ತೆಗೆಯುವುದಕ್ಕೇ ಆಗುತ್ತಿಲ್ಲವಲ್ಲ! ಕೊನೆಗೆ ಇಂಜಿನ್ ಮೌಂಟಿಂಗ್ ಬಿಚ್ಚಿ, ಜಾಕ್ ಕೊಟ್ಟು, ಇಂಜಿನ್ನನ್ನೇ ಒಂದಿಂಚು ಎತ್ತಿದೆ. ಆಗ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಪಕ್ಕದಲ್ಲಿ ನಿಂತು ನಗು ತಡೆಯಲು ಒದ್ದಾಡುತ್ತಿದ್ದ. ಲಿವರ್ ಇರುವ ಸ್ಪ್ಯಾನರಿನಲ್ಲೂ ಬೋಲ್ಟಿನ ಮುಂದೆ ಎಷ್ಟು ಜಾಗ ಇದೆ ಅಂತ ನೋಡಿಯೇ ಶುರು ಮಾಡು. ತಲೆ ಎದುರಿನ ತಗಡಿಗೆ ಒತ್ತಿಕೊಂಡರೆ ಲಿವರಿಗೆ ಬೆರಳು ಸಿಗದೆ ಹೋಗಬಹುದು.

ಇನ್ನೊಂದು ಮಾತು. ಬ್ರೇಕ್ ಪೈಪಿನ ನಟ್ಟಿಗೆ ಇದು ಆಗುವುದಿಲ್ಲ. ಮುಚ್ಚಿದ ರಿಂಗು ಪೈಪ್ ದಾಟಿ ಹೋಗುವುದು ಹೇಗೆ? ಅದಕ್ಕೆ ಬಾಯಿ ಸೀಳಿದ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ನಿನ್ನ ಪೆಟ್ಟಿಗೆಯಲ್ಲಿ ಅದು ಇಲ್ಲದಿದ್ದರೆ 14ರ ರಾಚೆಟ್ಟಿನ ದುಡ್ಡನ್ನು ಅದಕ್ಕೆ ಹಾಕು.

ಪ್ರಶ್ನೆ: ಸರ್, 72 ಹಲ್ಲು, 90 ಹಲ್ಲು, 120 ಹಲ್ಲು ಅಂತೆಲ್ಲ ಬರೆದಿರುತ್ತಾರೆ. ಹಲ್ಲು ಜಾಸ್ತಿ ಆದಷ್ಟೂ ಒಳ್ಳೆಯದಲ್ವಾ?
- ದಾವಣಗೆರೆಯ ಓದುಗರು

ಉತ್ತರ: ಲೆಕ್ಕಕ್ಕೆ ಹೌದು. 360ನ್ನು ಹಲ್ಲಿನಿಂದ ಭಾಗಿಸಿ: 72ಕ್ಕೆ 5 ಡಿಗ್ರಿ, 90ಕ್ಕೆ 4, 120ಕ್ಕೆ 3. ಗಿಡ್ಡ ಹಿಡಿಯ ತುದಿಯಲ್ಲಿ 5ಕ್ಕೂ 3ಕ್ಕೂ ಇರುವ ಅಂತರ ಮೂರೂವರೆ ಮಿ.ಮೀ. ಮಾತ್ರ. ಕೀಲು ಸ್ವಲ್ಪ ಸಡಿಲ ಇದ್ದರೆ ಅಷ್ಟನ್ನೂ ಅದೇ ನುಂಗಿಬಿಡುತ್ತದೆ. ಹಲ್ಲು ಹೆಚ್ಚಿದಷ್ಟೂ ಒಂದೊಂದು ಹಲ್ಲು ಸಣ್ಣದಾಗುತ್ತದೆ. ಒಳ್ಳೆಯ ಕಂಪನಿಯವರು ಹಲ್ಲನ್ನು ಹಿಡಿಯುವ ಕೊಕ್ಕೆ ಒಂದರ ಬದಲು ಎರಡು ಇಟ್ಟು ಅದನ್ನು ಸರಿದೂಗಿಸುತ್ತಾರೆ. ಹೆಸರಿಲ್ಲದ ಅಗ್ಗದ ಸ್ಪ್ಯಾನರಿನಲ್ಲಿ 120 ಅಂತ ಬರೆದಿದ್ದರೆ ನಾನು ದೂರ ನಿಲ್ಲುತ್ತೇನೆ.

ಹಲ್ಲಿಗಿಂತ ನೀವು ನೋಡಬೇಕಾದ್ದು ವಾಪಸ್ ತಿರುವಿನ ಹಗುರ. ನಟ್ಟು ಪೂರ್ತಿ ಸಡಿಲ ಆದ ಮೇಲೆ ಹಿಡಿಯನ್ನು ಹಿಂದಕ್ಕೆ ತರುವಾಗ ರಾಚೆಟ್ ಗಟ್ಟಿ ಇದ್ದರೆ ನಟ್ಟು ಅದರ ಜೊತೆಗೇ ಹಿಂದೆ ಬರುತ್ತದೆ. ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ. ಅಂಗಡಿಯಲ್ಲಿ ರಿಂಗಿನೊಳಗೆ ಕಿರುಬೆರಳು ಹಾಕಿ ಮೆಲ್ಲಗೆ ಒತ್ತಿಕೊಳ್ಳಿ, ಇನ್ನೊಂದು ಕೈಯಲ್ಲಿ ಹಿಡಿಯನ್ನು ಹಿಂದಕ್ಕೆ ಆಡಿಸಿ. ಬೆರಳು ನಿಂತಲ್ಲೇ ನಿಂತು ರಾಚೆಟ್ ಟಿಕ್ ಟಿಕ್ ಅಂದರೆ ಒಳ್ಳೆಯದು. ಬೆರಳನ್ನೂ ಎಳೆದುಕೊಂಡು ಹೋದರೆ ಬೇಡ. ನಾನು ಹೀಗೆ ಮಾಡುವಾಗ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಪ್ರಶ್ನೆ: ನಮ್ಮದು ಹಳೆಯ ಮ್ಯಾಸಿ ಟ್ರ್ಯಾಕ್ಟರ್. ನಟ್ಟುಗಳು ಇಂಚಿನ ಲೆಕ್ಕದವು. ಮಿ.ಮೀ. ರಾಚೆಟ್ ಸ್ಪ್ಯಾನರ್ ಹಾಕಿದರೆ ನಡೆಯುತ್ತದಾ?
- ರಾಣೆಬೆನ್ನೂರಿನ ರೈತರು

ಉತ್ತರ: ಎರಡು ಅಳತೆಯಲ್ಲಿ ನಡೆಯುತ್ತದೆ ಯಜಮಾನ್ರೇ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ., 19ರದ್ದು ಕೂರುತ್ತದೆ. 5/16 ಇಂಚಿನ ತಲೆ 7.94, ಅದಕ್ಕೆ 8 ಸರಿ. ಮೋಸ ಮಾಡುವುದು ಅರ್ಧ ಇಂಚು. ಅದು 12.7 ಮಿ.ಮೀ. 13ರದ್ದು ಹಾಯಾಗಿ ಕೂತ ಹಾಗೆ ಕಾಣುತ್ತದೆ, ಎಳೆದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಹೊಲದ ನಡುವೆ ಗುಂಡಗಾದ ನಟ್ಟಿಗೆ ಉಳಿ, ಸುತ್ತಿಗೆ ಬಿಟ್ಟರೆ ಬೇರೆ ಗತಿ ಇಲ್ಲ. ಅರ್ಧ ಇಂಚು ಮತ್ತು 9/16, ಇವೆರಡು ಇಂಚಿನ ರಿಂಗ್ ಸ್ಪ್ಯಾನರನ್ನೇ ಇಟ್ಟುಕೊಳ್ಳಿ. ರಾಚೆಟ್ಟೇ ಬೇಕೆಂದಿಲ್ಲ. ಟ್ರ್ಯಾಕ್ಟರಿನಲ್ಲಿ ಕೈಯಾಡಿಸಲು ಬೇಕಾದಷ್ಟು ಜಾಗ ಇರುತ್ತದೆ.

ಪ್ರಶ್ನೆ: ನನ್ನ ಸ್ಕೂಟರಿನ ಚಿಕ್ಕಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಬ್ಯಾಟರಿ ಬಿಚ್ಚುವುದು, ಏರ್ ಫಿಲ್ಟರ್ ಬದಲಿಸುವುದು ಇತ್ಯಾದಿ. ನನಗೂ ಒಂದು ಇಂಥ ಸೆಟ್ ಬೇಕಾ?
- ಮೈಸೂರಿನ ಓದುಗರು, ಶಿಕ್ಷಕಿ

ಉತ್ತರ: ಸೆಟ್ ಬೇಡ ಮೇಡಂ. ಒಂದು ಟಿ-ಸ್ಪ್ಯಾನರ್ 10ರದ್ದು, ಒಂದು 8ರದ್ದು, ಒಳ್ಳೆಯ ಸ್ಕ್ರೂಡ್ರೈವರ್, ಸಾಕು. ಆಸೆಯಾದರೆ 10ರ ಗಿಡ್ಡ ರಾಚೆಟ್ ಒಂದು ತಗೊಳ್ಳಿ, ಬ್ಯಾಟರಿ ಟರ್ಮಿನಲ್ಲಿಗೆ ಅದು ಹಿತ. ಕೆಲವು ಸ್ಕೂಟರಿನಲ್ಲಿ ಅಲ್ಲಿ ಸ್ಕ್ರೂ ಇರುತ್ತದೆ, ಮೊದಲು ನೋಡಿಕೊಳ್ಳಿ. ಹಿಡಿ ಗಿಡ್ಡ ಇದ್ದರೆ ಇನ್ನೊಂದು ಟರ್ಮಿನಲ್ಲಿಗೆ ತಾಗಿ ಕಿಡಿ ಹಾರುವ ಭಯ ಕಡಿಮೆ. ಆದರೂ ಮೈನಸ್ಸನ್ನೇ ಮೊದಲು ಬಿಚ್ಚಿ, ಹಾಕುವಾಗ ಮೈನಸ್ಸನ್ನು ಕೊನೆಗೆ ಹಾಕಿ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ತಂದ ರಾಚೆಟ್ ಸ್ಪ್ಯಾನರ್ ಈಗ ಸಿಕ್ಕಿಕೊಳ್ಳುತ್ತಿದೆ. ತುಕ್ಕು ಬಾರದಿರಲಿ ಅಂತ ತೆಂಗಿನೆಣ್ಣೆ ಹಾಕಿಟ್ಟಿದ್ದೆ. ಎಸೆಯಬೇಕಾ?
- ಮಲ್ಪೆಯ ಓದುಗರು

ಉತ್ತರ: ಎಸೆಯಬೇಡಿ ಮಾರಾಯ್ರೇ. ತಪ್ಪು ಸ್ಪ್ಯಾನರಿನದ್ದಲ್ಲ, ತೆಂಗಿನೆಣ್ಣೆಯದ್ದು. ಸುಮಾರು 24 ಡಿಗ್ರಿಗೆ ಅದು ಹೆಪ್ಪುಗಟ್ಟಲು ಶುರು. ಗಟ್ಟಿಯಾಗದಿದ್ದರೂ ಧೂಳು ಸೇರಿ ಅಂಟಾಗುತ್ತದೆ. ಒಳಗಿನ ಕೊಕ್ಕೆಯನ್ನು ತಳ್ಳುವ ಸ್ಪ್ರಿಂಗ್ ಕೂದಲೆಳೆಯಷ್ಟು ತೆಳು. ಅದಕ್ಕೆ ಆ ಅಂಟನ್ನು ದಾಟಿ ತಳ್ಳುವ ಶಕ್ತಿ ಇಲ್ಲ. ಗ್ರೀಸ್ ತುಂಬಿದರೂ ಇದೇ ಕತೆ.

ಒಂದು ಡಬ್ಬಿ ಡೀಸೆಲ್ಲಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಎರಡೂ ಕಡೆ ತಿರುಗಿಸುತ್ತಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ. ಕಡಲ ಗಾಳಿಗೆ ಹೊರಮೈಯೂ ತುಕ್ಕು ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಮುಚ್ಚಿದ ಪೆಟ್ಟಿಗೆಯಲ್ಲಿಡಿ.

ಅಷ್ಟಕ್ಕೂ ಸರಿಹೋಗದಿದ್ದರೆ ಬಿಚ್ಚಬೇಕು. ರಿಂಗಿನ ಅಂಚಿನಲ್ಲಿ ಸರ್ಕ್ಲಿಪ್ (ಬಳೆಯಂಥ ಸ್ಪ್ರಿಂಗ್ ಕ್ಲಿಪ್) ಕಾಣುತ್ತಿದ್ದರೆ ಬಿಚ್ಚಲು ಬರುತ್ತದೆ. ಸ್ಪ್ಯಾನರನ್ನೂ ನಿಮ್ಮ ಎರಡೂ ಕೈಗಳನ್ನೂ ಒಂದು ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡು ಬಿಚ್ಚಿ. ನೋಡಿದವರು ನಗುತ್ತಾರೆ ನಿಜ. ಆದರೆ ಆ ಸ್ಪ್ರಿಂಗ್ ಹಾರಿದರೆ ಮಲ್ಪೆ ಬೀಚಿನ ಮರಳಿನಲ್ಲಿ ಸಾಸಿವೆ ಹುಡುಕಿದ ಹಾಗೆ. ನನ್ನ ಗ್ಯಾರೇಜಿನ ನೆಲದಲ್ಲಿ ಹಾರಿದ್ದು ಇನ್ನೂ ಸಿಕ್ಕಿಲ್ಲ.