ಎಂಆರ್ ಸ್ಪೆಕ್ಟ್ರೋಸ್ಕೋಪಿ ಅಂದ್ರೆ ತಲೆಗೆ ಸೂಜಿ ಚುಚ್ಚುತ್ತಾರಾ?

ಮಂಡ್ಯದಲ್ಲಿರುವ ನಿಮ್ಮ ತಂದೆಗೆ ಫಿಟ್ಸ್ ಬಂತು, ಸ್ಕ್ಯಾನ್‌ನಲ್ಲಿ ಉಂಗುರದಂಥ ಗಂಟು ಕಂಡಿತು, ಈಗ ಡಾಕ್ಟರು ಎಂಆರ್ ಸ್ಪೆಕ್ಟ್ರೋಸ್ಕೋಪಿ ಬರೆದಿದ್ದಾರೆ, ತಲೆಗೆ ಸೂಜಿ ಹಾಕ್ತಾರಾ ಅಂತ ಕೇಳಿದ್ದೀರಿ. ಇಲ್ಲ. ನಾನು ಮೈಸೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಅದೇ ಮಷಿನ್, ಅದೇ ಮಂಚ, ಹತ್ತು ನಿಮಿಷ ಜಾಸ್ತಿ ಮಲಗಬೇಕು ಅಷ್ಟೇ. ಇದಕ್ಕಂತ ಇಂಜೆಕ್ಷನ್ ಬೇಡ, ಎಕ್ಸ್‌ರೇ ಕಿರಣವೂ ಇಲ್ಲ. ಉಳಿದ ಸ್ಕ್ಯಾನಿಗೆ ಕೈಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧಿ) ಚುಚ್ಚಿದರೆ ಅದು ಬೇರೆ ಲೆಕ್ಕ.

ಮಾಮೂಲಿ ಎಂಆರ್‌ಐ ಗಂಟಿನ ಆಕಾರ ತೋರಿಸುತ್ತದೆ. ಇದು ಗಂಟಿನೊಳಗೆ ಯಾವ ಯಾವ ರಾಸಾಯನಿಕ ಇದೆ ಅಂತ ಗ್ರಾಫ್ ಬರೆಯುತ್ತದೆ. ಪರದೆಯಲ್ಲಿ ಗಂಟಿನ ಮೇಲೆ ಒಂದು ಚೌಕ ಇಡುತ್ತೇವೆ. ಸಾಮಾನ್ಯವಾಗಿ ಎರಡು ಸೆಂಟಿಮೀಟರ್, ಹೆಚ್ಚುಕಮ್ಮಿ ನೆಲ್ಲಿಕಾಯಿ ಗಾತ್ರ. ಅಲ್ಲಿಂದ ಬರುವ ಸಿಗ್ನಲ್ ಮಾತ್ರ ಬೇಕು. ಆದರೆ ಮಿದುಳಿನ ತುಂಬ ನೀರು, ಅದರ ಸಿಗ್ನಲ್ ಸಾವಿರಾರು ಪಟ್ಟು ಜೋರು. ಜಂಬೂಸವಾರಿ ಬ್ಯಾಂಡಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ. ಮೊದಲು ಆ ನೀರನ್ನು ಸುಮ್ಮನಾಗಿಸುತ್ತೇವೆ.

ಆಮೇಲೆ ಗ್ರಾಫಿನಲ್ಲಿ ಗುಡ್ಡಗಳು ಕಾಣುತ್ತವೆ, ಕೆಳಗಿನ ಅಳತೆಗೆರೆಯ (ಪಿಪಿಎಂ) ಮೇಲೆ ಒಂದೊಂದು ರಾಸಾಯನಿಕಕ್ಕೆ ಒಂದೊಂದು ಜಾಗ. 2.0ರ ಹತ್ತಿರ ಎನ್‌ಎಎ, ನರಕೋಶ ಚೆನ್ನಾಗಿದೆ ಅನ್ನುವ ಗುರುತು. 3.2ರಲ್ಲಿ ಕೋಲೀನ್, ಜೀವಕೋಶದ ಪೊರೆಗೆ ಸಂಬಂಧಪಟ್ಟದ್ದು. ಟ್ಯೂಮರ್ ಆದರೆ ಸಾಮಾನ್ಯವಾಗಿ ಕೋಲೀನ್ ಏರುತ್ತದೆ, ಎನ್‌ಎಎ ಇಳಿಯುತ್ತದೆ. ಟಿಬಿ ಗಂಟಿನಲ್ಲಿ 0.9ರಿಂದ 1.3ರ ನಡುವೆ ಕೊಬ್ಬಿನ ದೊಡ್ಡ ಗುಡ್ಡ ಏಳುತ್ತದೆ. ನಿಮ್ಮ ಡಾಕ್ಟರು ಹುಡುಕುತ್ತಿರುವುದು ಬಹುಶಃ ಇದನ್ನೇ.

ಆದರೆ ಗ್ರಾಫ್ ನೋಡಿ ನೀವೇ ತೀರ್ಮಾನ ಮಾಡಿಬಿಡಬೇಡಿ. ಒಳಗೆ ಕೊಳೆತ ಟ್ಯೂಮರಿನಲ್ಲೂ ಕೊಬ್ಬು ಕಾಣುತ್ತದೆ. ಇನ್ನೊಂದು ತಮಾಷೆ: ಚೌಕ ತಲೆಬುರುಡೆಗೆ ತಾಗಿದರೆ ನೆತ್ತಿ ಚರ್ಮದ ಕೊಬ್ಬು ಒಳಗೆ ನುಗ್ಗಿ, ಇಲ್ಲದ ಟಿಬಿ ಗುಡ್ಡ ತೋರಿಸುತ್ತದೆ. ಈಚೆಗೆ ಒಬ್ಬ ಅಜ್ಜ ಕೊನೇ ನಿಮಿಷದಲ್ಲಿ ಕೆಮ್ಮಿದರು. ಗೆರೆಯೆಲ್ಲ ಗರಗಸದ ಹಲ್ಲು. ಮತ್ತೆ ಮೊದಲಿಂದ ಶುರು. ಪಾಪ, ಅವರಿಗಿಂತ ನನಗೇ ಜಾಸ್ತಿ ಬೇಜಾರಾಯಿತು.

ಪಾರ್ಕಿನ್ಸನ್ ಇರುವವರ ಮನೆಯವರು ‘ಡೋಪಮಿನ್ ಎಷ್ಟಿದೆ ನೋಡಿ’ ಅಂತಲೂ ಕೇಳುತ್ತಾರೆ. ಡೋಪಮಿನ್ ಅಂದ್ರೆ ಆ ಕಾಯಿಲೆಯಲ್ಲಿ ಕಡಿಮೆಯಾಗುವ ಮಿದುಳಿನ ರಾಸಾಯನಿಕ. ಅದು ಇದರಲ್ಲಿ ಕಾಣುವಷ್ಟು ಇರುವುದಿಲ್ಲ. ಅದಕ್ಕೆ ಪೆಟ್ ಥರದ ಬೇರೆ ಸ್ಕ್ಯಾನ್ ಇದೆ.

ಅಪ್ಪನಿಗೆ ಪೇಸ್‌ಮೇಕರ್ ಇದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ. ಬೆಳ್ಳಿ ಉಡುದಾರ, ತಾಯಿತ ಮನೆಯಲ್ಲೇ ಬಿಚ್ಚಿಡಿ. ಕೆಮ್ಮಿದ್ದರೆ ಟೆಕ್ನಿಷಿಯನ್‌ಗೆ ಮೊದಲೇ ತಿಳಿಸಿ, ನಡುವೆ ನಿಲ್ಲಿಸಿ ನಿಲ್ಲಿಸಿ ತೆಗೆಯುತ್ತಾರೆ.